ದಪ್ಪದ್ದನ್ನು ಬದಿಗಿಡಿ, ತೆಳುವಾದ ಪುಸ್ತಕದಿಂದ ಶುರುಮಾಡಿ

ಈಚಿನ ಹಾರರ್ ಕಾದಂಬರಿಗಳಲ್ಲಿ ನಿಜಕ್ಕೂ ಹೆದರಿಸುವಂಥದ್ದು ಯಾವುದು, ಸ್ಟೀಫನ್ ಕಿಂಗ್‌ನ 'ಇಟ್' ಇನ್ನೂರು ಪುಟಕ್ಕೇ ನಿಂತುಹೋಯಿತು, ಇಂಗ್ಲಿಷಾದರೂ ಪರವಾಗಿಲ್ಲ ಅಂತ ಕೇಳಿದ್ದೀರಿ. ನಿಂತದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 1986ರ ಆ ಪುಸ್ತಕ ಸಾವಿರ ಪುಟ ದಾಟುತ್ತದೆ. ದಿನಕ್ಕೆ 20 ಪುಟದಂತೆ ಓದಿದರೂ ಹೆಚ್ಚುಕಮ್ಮಿ ಎರಡು ತಿಂಗಳು. ಇಡ್ಲಿ ಪಾತ್ರೆಯ ಮುಚ್ಚಳವನ್ನು ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಹಿಟ್ಟು ಬೇಯುವುದು ಹೇಗೆ? ಭಯವೂ ಹಾಗೇ. ಒಂದೇ ಕೂತಲ್ಲಿ, ಹೆಚ್ಚೆಂದರೆ ಎರಡು ರಾತ್ರಿಯಲ್ಲಿ ಮುಗಿಯುವಂಥದ್ದನ್ನು ಮೊದಲು ಹಿಡಿಯಿರಿ.

ಹಾಗಾಗಿ ನನ್ನ ಮೊದಲ ಆಯ್ಕೆ ಅರ್ಜೆಂಟೀನಾದ ಸಮಂತಾ ಶ್ವೆಬ್ಲಿನ್ ಬರೆದ 'ಫೀವರ್ ಡ್ರೀಮ್'. ಇಂಗ್ಲಿಷಿಗೆ ಬಂದದ್ದು 2017ರಲ್ಲಿ. ಇನ್ನೂರು ಪುಟಕ್ಕೂ ಕಡಿಮೆ, ಅಧ್ಯಾಯಗಳೇ ಇಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಸಾವಿನ ಹತ್ತಿರ ಇರುವ ಅಮಾಂಡಾ, ಪಕ್ಕದಲ್ಲಿ ಕೂತು ಅವಳನ್ನು ಪ್ರಶ್ನಿಸುವ ಡೇವಿಡ್ ಎಂಬ ಹುಡುಗ, ಇಡೀ ಪುಸ್ತಕ ಇವರಿಬ್ಬರ ಮಾತು. ಹುಳುಗಳು ಶುರುವಾದ ಕ್ಷಣ ಯಾವುದು ಅಂತ ಅವನು ಹುಡುಕಿಸುತ್ತಾನೆ. ಅವಳು ಬೇರೆ ಏನಾದರೂ ಹೇಳಹೊರಟರೆ ಅದು ಮುಖ್ಯವಲ್ಲ ಅಂತ ತಡೆಯುತ್ತಾನೆ. ಡೇವಿಡ್‌ನ ಮಾತುಗಳು ಮಾತ್ರ ಓರೆ ಅಕ್ಷರದಲ್ಲಿವೆ. ಇದನ್ನು ಗಮನಿಸದಿದ್ದರೆ ಮೊದಲ ಹತ್ತು ಪುಟದಲ್ಲೇ ಯಾರು ಮಾತಾಡುತ್ತಿದ್ದಾರೆ ಅಂತ ಗೊಂದಲವಾಗುತ್ತದೆ. ಸ್ಪ್ಯಾನಿಷ್ ಮೂಲದ ಹೆಸರಿಗೆ 'ಕಾಪಾಡುವ ದೂರ' ಅಂತ ಅರ್ಥ. ಮಗಳು ನೀನಾಗೆ ಈಗ ಏನಾದರೂ ಆದರೆ ತಾನು ಓಡಿ ತಲುಪಲು ಎಷ್ಟು ಹೊತ್ತು ಬೇಕು ಅಂತ ಅಮಾಂಡಾ ಸದಾ ಲೆಕ್ಕ ಹಾಕುತ್ತಿರುತ್ತಾಳೆ. ತಾಯಿಗೂ ಮಗಳಿಗೂ ನಡುವೆ ಕಟ್ಟಿದ ಹಗ್ಗವೊಂದು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಚಿಕ್ಕ ಮಕ್ಕಳನ್ನು ಕೆರೆದಂಡೆಗೆ ಕರೆದುಕೊಂಡು ಹೋದವರೆಲ್ಲ ಈ ಲೆಕ್ಕ ಹಾಕಿಯೇ ಇರುತ್ತಾರೆ. ಸುತ್ತ ಸೋಯಾ ಹೊಲಗಳು, ಹತ್ತಿರದಲ್ಲೇ ನೀರು. ಇದಕ್ಕಿಂತ ಹೆಚ್ಚು ಹೇಳಿದರೆ ಪುಸ್ತಕ ಕೆಡುತ್ತದೆ. ಹಿಂಬದಿಯ ರಕ್ಷಾಪುಟವನ್ನೂ ಓದಬೇಡಿ.

ಅದು ಹಿಡಿಸಿದರೆ, ಅಥವಾ ಅದು ಬೇಡ, ಅಪ್ಪಟ ದೆವ್ವದ ಕಥೆಯೇ ಬೇಕು ಅಂದರೆ, ಬ್ರಿಟನ್ನಿನ ಮಿಶೆಲ್ ಪೇವರ್ ಬರೆದ 'ಡಾರ್ಕ್ ಮ್ಯಾಟರ್' (2010). ಇದೇ ಹೆಸರಿನ ವೈಜ್ಞಾನಿಕ ಥ್ರಿಲ್ಲರ್ ಕೂಡ ಒಂದಿದೆ, ಆರ್ಡರ್ ಮಾಡುವಾಗ ಲೇಖಕಿಯ ಹೆಸರು ನೋಡಿಕೊಳ್ಳಿ. 1937ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಇಂಗ್ಲಿಷರ ತಂಡ, ವೈರ್‌ಲೆಸ್ ನಡೆಸಲು ಸೇರಿಕೊಂಡ ಬಡ ಗುಮಾಸ್ತ ಜ್ಯಾಕ್, ಅವನದೇ ದಿನಚರಿ. ಜೊತೆಗಿದ್ದವರು ಒಬ್ಬೊಬ್ಬರಾಗಿ ಉದುರಿ, ತಿಂಗಳುಗಟ್ಟಲೆ ಸೂರ್ಯನೇ ಹುಟ್ಟದ ಚಳಿಗಾಲದಲ್ಲಿ ಅವನೊಬ್ಬನೇ ನಾಯಿಗಳೊಂದಿಗೆ ಉಳಿಯುತ್ತಾನೆ. ದೆವ್ವದ ಕಥೆಗಳಲ್ಲಿ ಸಾಮಾನ್ಯವಾಗಿ ಕೈಕೊಡುವ ಜಾಗ ಒಂದಿದೆ: ಇಷ್ಟೆಲ್ಲ ಆದಮೇಲೂ ಇವನು ಯಾಕೆ ಅಲ್ಲಿಂದ ಕಾಲು ಕೀಳುವುದಿಲ್ಲ? ಪೇವರ್ ಈ ತೂತನ್ನು ಚೆನ್ನಾಗಿ ಮುಚ್ಚಿದ್ದಾರೆ. ಜ್ಯಾಕ್‌ಗೆ ಶ್ರೀಮಂತ ಜೊತೆಗಾರರ ಮುಂದೆ ಸೋಲೊಪ್ಪಲು ಮನಸ್ಸಿಲ್ಲ, ಜೊತೆಗೆ ನಿಗದಿತ ಹೊತ್ತಿಗೆ ಹವಾಮಾನದ ಅಳತೆ ತೆಗೆದು ರೇಡಿಯೋದಲ್ಲಿ ಕಳಿಸಲೇಬೇಕು. ಅಂದರೆ ಲಾಂದ್ರ ಹಿಡಿದು ಆ ಕತ್ತಲಿಗೆ ಇಳಿಯುವುದು ಅವನ ಡ್ಯೂಟಿ. ಕ್ಯಾಬಿನ್ನಿನ ಮುಂದೆ ಒಂದು ಕಂಬವಿದೆ, ಕಿಟಕಿಯಿಂದಲೇ ಹಿಮಕರಡಿ ಹೊಡೆಯಲು ಬೇಟೆಗಾರರು ಮಾಂಸ ಕಟ್ಟುತ್ತಿದ್ದದ್ದು. ಮೊದಲ ಸಲ ಕಂಡಾಗ ಅದು ಬರೀ ಕಂಬ. ಆಮೇಲೆ ಪ್ರತಿ ಸಲ ಅವನು ಕಿಟಕಿಯತ್ತ ತಿರುಗುವಾಗ ನಿಮಗೇ ಬೇಡ ಅನ್ನಿಸುತ್ತದೆ.

ರಕ್ತಪಾತ ತಡೆದುಕೊಳ್ಳಬಲ್ಲಿರಾದರೆ ಸ್ಟೀಫನ್ ಗ್ರಹಾಂ ಜೋನ್ಸ್‌ನ 'ದಿ ಓನ್ಲಿ ಗುಡ್ ಇಂಡಿಯನ್ಸ್' (2020). ಇಂಡಿಯನ್ಸ್ ಅಂದರೆ ನಾವಲ್ಲ, ಅಮೆರಿಕದ ಬ್ಲ್ಯಾಕ್‌ಫೀಟ್ ಮೂಲನಿವಾಸಿಗಳು. ಬೇಟೆಯಾಡಬಾರದ ಜಾಗದಲ್ಲಿ ಎಲ್ಕ್ ಜಿಂಕೆಗಳನ್ನು ಕೊಂದ ನಾಲ್ವರು ಗೆಳೆಯರ ಬೆನ್ನಿಗೆ ಹತ್ತು ವರ್ಷದ ನಂತರ ಏನೋ ಬೀಳುತ್ತದೆ. ಒಬ್ಬಾತ ಏಣಿ ಹತ್ತಿ, ತಿರುಗುತ್ತಿರುವ ಫ್ಯಾನಿನ ರೆಕ್ಕೆಗಳ ಸಂದಿಯಿಂದ ಕೆಳಗೆ ನೋಡಿದಾಗ ಮನೆಯ ಹಾಲ್‌ನ ಕಾರ್ಪೆಟ್ ಮೇಲೆ ಆ ಜಿಂಕೆ ಮಲಗಿರುತ್ತದೆ. ಸೀಲಿಂಗ್ ಫ್ಯಾನಿನ ಕೆಳಗೆ ಮಲಗುವವರು ಯೋಚಿಸಿ ಓದಿ. ನಾಯಿ ಸಾಯುವುದನ್ನು ಓದಲಾಗದವರು ಇದನ್ನು ಬಿಡಿ.

ದೆವ್ವದಲ್ಲಿ ನಂಬಿಕೆಯೇ ಇಲ್ಲದವರಿಗೆ ಪಾಲ್ ಟ್ರೆಂಬ್ಲೆಯ 'ಎ ಹೆಡ್ ಫುಲ್ ಆಫ್ ಗೋಸ್ಟ್ಸ್' (2015): ಹುಡುಗಿಯೊಬ್ಬಳ ಮೈಮೇಲೆ ದೆವ್ವ ಬಂದಿದೆಯೋ, ಮನೋರೋಗವೋ, ಟಿವಿ ರಿಯಾಲಿಟಿ ಶೋಗಾಗಿ ನಾಟಕವೋ ಅನ್ನುವ ಅನುಮಾನವೇ ಅದರ ಬಂಡವಾಳ.

ಡಚ್ ಲೇಖಕ ಥಾಮಸ್ ಓಲ್ಡ ಹ್ಯೂವೆಲ್ಟ್‌ನ 'ಹೆಕ್ಸ್' ಶುರುವಿನಲ್ಲಿ ನಗಿಸುತ್ತದೆ. ಕಣ್ಣು ಬಾಯಿ ಹೊಲಿದ, ಮುನ್ನೂರು ವರ್ಷ ಹಳೆಯ ಮಾಟಗಾತಿ ಯಾರ ಮನೆಯೊಳಗೆ ಬೇಕಾದರೂ ಬಂದು ನಿಲ್ಲುತ್ತಾಳೆ, ಊರಿನವರು ಅವಳು ಎಲ್ಲಿದ್ದಾಳೆ ಅಂತ ಆ್ಯಪ್‌ನಲ್ಲಿ ನೋಡಿಕೊಳ್ಳುತ್ತಾರೆ. ಇಂಗ್ಲಿಷಿಗೆ ತರುವಾಗ ಲೇಖಕ ಊರನ್ನು ನೆದರ್ಲೆಂಡ್ಸ್‌ನಿಂದ ನ್ಯೂಯಾರ್ಕ್ ರಾಜ್ಯಕ್ಕೆ ಎತ್ತಿಟ್ಟದ್ದಲ್ಲದೆ ಕೊನೆಯನ್ನೂ ಬದಲಿಸಿದ. ಕೊನೆ ತುಸು ಅತಿಯಾಯಿತು ಅನ್ನುವುದು ನನ್ನ ತಕರಾರು. ಮೊದಲರ್ಧಕ್ಕೇ ದುಡ್ಡು ವಸೂಲಾಗುತ್ತದೆ.

ನಿಕ್ ಕಟರ್‌ನ 'ದಿ ಟ್ರೂಪ್' (2014) ಬಗ್ಗೆ ಒಂದೇ ಎಚ್ಚರಿಕೆ: ಲಾಡಿಹುಳು. ಊಟದ ಹೊತ್ತಿಗೆ ಬೇಡ. ಆಮೆಯೊಂದರ ಪ್ರಸಂಗವೂ ಇದೆ, ಬಹಳ ಕ್ರೂರ.

ಕನ್ನಡದಲ್ಲೇ ಬೇಕೆಂದರೆ, ಹೊಸದಲ್ಲದಿದ್ದರೂ, ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯ ಅನುವಾದ 'ತುಳಸಿದಳ' ಇದೆ. ಪುಟ್ಟ ಹುಡುಗಿಯೊಬ್ಬಳ ಮೇಲೆ ನಡೆಯುವ ಮಾಟದ ಕಥೆ. ಇಂದಿನ ಕಣ್ಣಿಗೆ ಸ್ವಲ್ಪ ನಾಟಕೀಯ, ಆದರೆ ಪುಟ ತಿರುಗಿಸುವುದು ನಿಲ್ಲುವುದಿಲ್ಲ.

ಎಲ್ಲರೂ ಹೇಳುವ ಮಾರ್ಕ್ ಡ್ಯಾನಿಯೆಲೆವ್‌ಸ್ಕಿಯ 'ಹೌಸ್ ಆಫ್ ಲೀವ್ಸ್' (2000) ಸದ್ಯಕ್ಕೆ ಕೊಳ್ಳಬೇಡಿ. ಮನೆಯ ಒಳಗಿನ ಅಳತೆ ಹೊರಗಿನದಕ್ಕಿಂತ ಕಾಲು ಇಂಚು ಹೆಚ್ಚು ಬರುವ ಜಾಗ ಅದ್ಭುತ. ಆದರೆ ಅಡಿಟಿಪ್ಪಣಿಯೊಳಗೆ ಅಡಿಟಿಪ್ಪಣಿ, ಕೆಲವು ಕಡೆ ಪುಸ್ತಕವನ್ನೇ ತಿರುಗಿಸಿ ಹಿಡಿದು ಓದಬೇಕು. 'ಇಟ್' ಬಿಟ್ಟವರು ಇದನ್ನು ಐವತ್ತು ಪುಟಕ್ಕೇ ಬಿಡುತ್ತಾರೆ. ಮೇಲಿನವುಗಳಲ್ಲಿ ಮೂರು ಮುಗಿದ ಮೇಲೆ ಕಾಗದದ ಪ್ರತಿಯನ್ನೇ ತರಿಸಿಕೊಳ್ಳಿ.