ಅಕ್ಕನಿಗೆ ಹೇಳಲೇ, ಸುಮ್ಮನಿರಲೇ?

ಪ್ರಶ್ನೆ: ನಮ್ಮ ಚರ್ಚಿನ ಗಾಯನ ತಂಡವನ್ನು ನಡೆಸುವ ಅಕ್ಕ ಹೊಸಬರನ್ನು ಎಲ್ಲರೆದುರು ಗದರಿಸುತ್ತಾರೆ. ಇಬ್ಬರು ಹುಡುಗಿಯರು ಬರುವುದನ್ನೇ ಬಿಟ್ಟರು. ನಾನು ಚಿಕ್ಕವಳು, ಹೇಳಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಹೇಳಲೇಬೇಕು ಮಗಳೇ, ಆದರೆ ಅವರೊಬ್ಬರಿಗೇ. ಬೈಬಲಿನ ಮತ್ತಾಯ 18:15ರಲ್ಲಿ ಯೇಸು ತೋರಿಸಿದ ದಾರಿಯೂ ಅದೇ: ಮೊದಲು ಇಬ್ಬರೇ ಇರುವಾಗ ತಿಳಿಸಬೇಕು. ನಾನೊಮ್ಮೆ ಹಿರಿಯರೊಬ್ಬರ ಲೆಕ್ಕದ ತಪ್ಪನ್ನು ಸಮಿತಿಯ ಎದುರೇ ಎತ್ತಿ ಆಡಿದೆ. ಲೆಕ್ಕವೇನೋ ಸರಿಹೋಯಿತು. ಅವರು ತಲೆ ತಗ್ಗಿಸಿ ಕನ್ನಡಕ ಒರೆಸುತ್ತಲೇ ಕುಳಿತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮಾತಿನಲ್ಲಿ ಸತ್ಯವಿತ್ತು, ಪ್ರೀತಿಯಿರಲಿಲ್ಲ. ಬೇರೊಬ್ಬನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ಅರಸ ದಾವೀದನಿಗೆ ಪ್ರವಾದಿ ನಾತಾನನು ‘ಆ ಮನುಷ್ಯನು ನೀನೇ’ ಎನ್ನುವ ಮೊದಲು, ಧನಿಕನೊಬ್ಬ ಕಿತ್ತುಕೊಂಡ ಬಡವನ ಕುರಿಮರಿಯ ಕಥೆ ಹೇಳಿದ. ನೀನು ಅಕ್ಕನ ಮನೆಗೇ ಹೋಗು. ‘ಅಕ್ಕಾ, ಆ ಇಬ್ಬರಿಲ್ಲದೆ ನನಗೆ ಹಾಡಲು ಮನಸ್ಸಾಗುತ್ತಿಲ್ಲ’ ಎಂದು ಮಾತು ಆರಂಭಿಸು.