ರಿಪೋರ್ಟ್ ಎಷ್ಟಿದೆ ಅನ್ನೋದನ್ನ ನೋಡಿ ಮಾತ್ರೆ ಬಿಡಿಸಬೇಡಿ

ನಮಸ್ಕಾರ ಮೇಡಂ,

ಮಗಳು ಫಿಟ್ಸ್‌ಗೆ ಮಾತ್ರೆ ತಗೋತಿದಾಳೆ, ಈಗ ಮೂರು ತಿಂಗಳ ಬಸುರಿ, ಅದೇ ಮಾತ್ರೆ ಮೇಲೆ ಸೈಡ್ ಎಫೆಕ್ಟ್ ಡೇಟಾಬೇಸಲ್ಲಿ ನೂರಾರು ರಿಪೋರ್ಟ್ ಇದೆ ಅಂತ ಯಾರೋ ಮೆಸೇಜ್ ಕಳಿಸಿದಾರೆ, ನಿಲ್ಲಿಸಿಬಿಡ್ಲಾ ಅಂತ ಬರ್ದಿದೀರ. ಡಾಕ್ಟರನ್ನ ಕೇಳದೆ ಒಂದು ಹೊತ್ತಿನ ಮಾತ್ರೆನೂ ಬಿಡಿಸಬೇಡಿ. ದಿಢೀರಂತ ಬಿಟ್ರೆ ಫಿಟ್ಸ್ ಜೋರಾಗಿ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. ಆದ್ರೆ ಸ್ಟ್ರಿಪ್ ಮೇಲೆ ವಾಲ್‌ಪ್ರೊಯೇಟ್ ಅಂತಿದ್ರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಯಾಕಂದ್ರೆ ಗರ್ಭಿಣಿಯಾಗಿದ್ದಾಗ ಅದನ್ನ ತಗೊಂಡವರ ಮಕ್ಕಳಲ್ಲಿ ಸುಮಾರು 10ಕ್ಕೆ 1ಕ್ಕೆ ಹುಟ್ಟಿನಿಂದಲೇ ದೋಷ ಇರುತ್ತೆ ಅನ್ನೋದು ಸಾಬೀತಾಗಿದೆ. ಯಾವ ಔಷಧಿನೂ ಮುಟ್ಟದೋರ ಮಕ್ಕಳಲ್ಲೂ 100ಕ್ಕೆ 2-3 ಮಕ್ಕಳಿಗೆ ಏನಾದ್ರೂ ಇರುತ್ತೆ, ಅದೂ ತಲೆಲಿರ್ಲಿ.

ಇನ್ನು ಆ ‘ನೂರಾರು’ ವಿಷಯ. ಹೊಸ ಔಷಧಿ ಟ್ರಯಲ್‌ಗೆ ಸಾಮಾನ್ಯವಾಗಿ ಗರ್ಭಿಣಿಯರನ್ನ ಸೇರಿಸ್ಕೊಳ್ಳಲ್ಲ, ಹಾಗಾಗಿ ಮಾರ್ಕೆಟಿಗೆ ಬಂದ ಮೇಲೆನೇ ಗೊತ್ತಾಗಬೇಕು. ಥಾಲಿಡೋಮೈಡ್ ಅನ್ನೋ ನಿದ್ದೆ ಮಾತ್ರೆ 1957ರಲ್ಲಿ ಜರ್ಮನಿಲಿ ಬಂತು, 1961ರ ಕೊನೆಲಿ ವಾಪಸ್ ತಗೊಂಡ್ರು, ಅಷ್ಟರಲ್ಲಿ ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಿದ್ರು. ಅಂಥ ದೋಷ ತೀರಾ ಅಪರೂಪ, ಅದಕ್ಕೇ ಆಸ್ಟ್ರೇಲಿಯಾದ ಮ್ಯಾಕ್‌ಬ್ರೈಡ್, ಜರ್ಮನಿಯ ಲೆಂಝ್ ಥರದ ಡಾಕ್ಟರ್‌ಗಳ ಕಣ್ಣಿಗೆ ಬಿತ್ತು. ಅದೇ ಒಂದು ಮಾತ್ರೆಯಿಂದ ಸೀಳುತುಟಿ ಸ್ವಲ್ಪ ಜಾಸ್ತಿ ಆಗ್ತಿದೆ ಅಂದ್ಕೊಳ್ಳಿ, ಯಾವ ಒಬ್ಬ ಡಾಕ್ಟರಿಗೂ ಅದು ಗೊತ್ತಾಗಲ್ಲ, ಎಲ್ಲ ಕಡೆಯ ರಿಪೋರ್ಟ್ ಒಂದೇ ಕಡೆ ಸೇರಿದ್ರೇನೇ ಅನುಮಾನ ಬರೋದು. ಹೀಗೆ ಸೈಡ್ ಎಫೆಕ್ಟ್ ರಿಪೋರ್ಟ್‌ಗಳನ್ನ ಒಂದೇ ಕಡೆ ಸೇರಿಸೋಕೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶುರುಮಾಡಿದ ಡೇಟಾಬೇಸ್ ಈಗ ಸ್ವೀಡನ್ನಿನ ಉಪ್ಸಾಲಾದಲ್ಲಿದೆ, ಕೋಟಿಗಟ್ಟಲೆ ರಿಪೋರ್ಟ್.

ಅದ್ರಲ್ಲಿ ಬಸುರಿಯರ ರಿಪೋರ್ಟ್ ಯಾವುದು ಅಂತ ಹುಡುಕೋದೇ ದೊಡ್ಡ ತಲೆನೋವು! ‘ಗರ್ಭಿಣಿ’ ಅಂತ ಹುಡುಕಿದ್ರೆ ಗರ್ಭನಿರೋಧಕ ಫೇಲ್ ಆಗಿ ಬಸುರಿ ಆದೋರೂ ಬರ್ತಾರೆ, ಟೆಸ್ಟ್ ನೆಗೆಟಿವ್ ಬಂದೋರೂ ಬರ್ತಾರೆ. ಮಗುವಿನ ಹೆಸರಲ್ಲಿ ಬಂದ ರಿಪೋರ್ಟಲ್ಲಿ ವಯಸ್ಸು 0 ದಿನ, ಲಿಂಗ ಗಂಡು ಅಂತಿರುತ್ತೆ, ಔಷಧಿ ಯಾವ ದಾರಿಲಿ ಹೋಯ್ತು ಅನ್ನೋ ಕಡೆ ಮಾಸು ಮೂಲಕ ಅಂತ ಬರ್ದಿದ್ರೆ ಪುಣ್ಯ, ಖಾಲಿ ಬಿಟ್ಟಿದ್ರೆ ಅದು ತಾಯಿ ನುಂಗಿದ ಮಾತ್ರೆನಾ ಮಗುಗೇ ಕೊಟ್ಟಿದ್ದಾ ಅಂತಾನೇ ತಿಳಿಯಲ್ಲ.

ಸಿಕ್ಕಿದ ಮೇಲೆ ಯಾವುದರ ಜೊತೆ ಹೋಲಿಸ್ತೀರ? ಇಡೀ ಡೇಟಾಬೇಸ್ ಜೊತೆ ಹೋಲಿಸಿದ್ರೆ ಅದ್ರಲ್ಲಿ ಗಂಡಸರು, ಬಿಪಿ ಶುಗರಿನ ವಯಸ್ಸಾದೋರು ಎಲ್ಲ ಇರ್ತಾರೆ, ಅವರಿಗೆ ಗರ್ಭಪಾತ ಆಗೋದೆಲ್ಲಿಂದ ಬಂತು, ಹಾಗಾಗಿ ಚಿಕ್ಕ ವಯಸ್ಸಿನ ಹೆಂಗಸರು ತಗೊಳೋ ಪ್ರತಿ ಮಾತ್ರೆನೂ ಗರ್ಭಪಾತ ಮಾಡ್ಸೋ ಥರನೇ ಕಾಣುತ್ತೆ. ಅದಕ್ಕೆ ಬಸುರಿಯರ ರಿಪೋರ್ಟ್‌ಗಳನ್ನ ಬಸುರಿಯರ ರಿಪೋರ್ಟ್‌ಗಳ ಜೊತೆನೇ, ಆದ್ರೆ ಅದೇ ಕಾಯಿಲೆಯ ಬೇರೆ ಮಾತ್ರೆ ತಗೊಂಡೋರ ಜೊತೆ ಹೋಲಿಸಬೇಕು. ಇಷ್ಟು ಮಾಡಿದ್ರೂ ಕೈಗೆ ಸಿಗೋದು ಅನುಮಾನ ಅಷ್ಟೇ. ಆ ಮಾತ್ರೆ ತಗೊಂಡು ಆರೋಗ್ಯವಾಗಿ ಹೆತ್ತೋರು ಎಷ್ಟು ಜನ ಅನ್ನೋ ಲೆಕ್ಕ ಅಲ್ಲಿರಲ್ಲ, ಚೆನ್ನಾಗಿದ್ದೀನಿ ಅಂತ ಯಾರು ರಿಪೋರ್ಟ್ ಕೊಡ್ತಾರೆ ಹೇಳಿ!

ಆ ಲೆಕ್ಕ ಇದ್ರೂನೂ ಆತುರ ಬೇಡ. ಬೋಟ್ಸ್‌ವಾನಾದಲ್ಲಿ ಹೆರಿಗೆಗಳನ್ನ ಒಂದೊಂದಾಗಿ ಎಣಿಸ್ತಿದ್ರು, 2018ರಲ್ಲಿ ಎಚ್‌ಐವಿ ಔಷಧಿ ಡೊಲುಟೆಗ್ರಾವಿರ್ ತಗೋತಿದ್ದಾಗಲೇ ಗರ್ಭ ಧರಿಸಿದೋರ 426 ಹೆರಿಗೆಲಿ 4 ಮಕ್ಕಳಿಗೆ ನರನಾಳದ ದೋಷ (ಮಿದುಳು, ಬೆನ್ನುಹುರಿ ಸರಿಯಾಗಿ ಬೆಳೆಯದೇ ಇರೋದು) ಕಾಣಿಸ್ತು, ಎಲ್ಲ ಕಡೆ ಗಾಬರಿ. ಮುಂದಿನ ವರ್ಷ 1683 ಹೆರಿಗೆಗೆ 5, ಅಂದ್ರೆ ನೂರಕ್ಕೆ 1ರ ಹತ್ತಿರ ಇದ್ದದ್ದು 0.3ಕ್ಕೆ ಇಳೀತು, ಆಮೇಲಾಮೇಲೆ ಬೇರೆ ಎಚ್‌ಐವಿ ಔಷಧಿಗಳ ಮಟ್ಟಕ್ಕೇ ಬಂತು.

ನಿಮ್ಮ ಮೆಸೇಜಿನ ನೂರಾರಕ್ಕೆ ಈ ಯಾವ ಸೋಸುವಿಕೆನೂ ಆಗಿರಲ್ಲ. ಡಾಕ್ಟರ್ ಹತ್ರ ಹೋಗ್ತಾ ಕೊನೆ ಮುಟ್ಟಿನ ತಾರೀಖು, ಮಾತ್ರೆ ಹೆಸರು, ಎಷ್ಟು ಎಂಜಿ, ಯಾವಾಗಿಂದ, ಫೋಲಿಕ್ ಆಸಿಡ್ ತಗೋತಿದಾಳಾ ಅನ್ನೋದನ್ನೆಲ್ಲ ಬರ್ಕೊಂಡು ಹೋಗಿ. ಮುಂದೆ ಏನಾದ್ರೂ ರಿಪೋರ್ಟ್ ಮಾಡೋ ಪ್ರಸಂಗ ಬಂದ್ರೂ ಅವರು ಕೇಳೋದು ಇವೇ ತಾರೀಖುಗಳನ್ನ.

– ಸಂ.