ಬೈಬಲ್‌ನ ‘ಅಬದ್ದೋನ್’ ಪದದ ಅರ್ಥವೇನು? ಅದು ಸೈತಾನನ ಹೆಸರಾ?

ಮೂಲದಲ್ಲಿ ಅದು ಯಾರ ಹೆಸರೂ ಅಲ್ಲ. ಪ್ರಕಟನೆ 9:11ರಲ್ಲಿ ಪಾತಾಳದ ದೂತನಿಗೆ ಇಬ್ರಿಯದಲ್ಲಿ ಅಬದ್ದೋನ್, ಗ್ರೀಕ್‌ನಲ್ಲಿ ಅಪೊಲ್ಲುವೋನ್ ಎಂಬ ಹೆಸರಿದೆ. ಅದನ್ನು ಓದಿ ನಿಮಗೆ ಹಾಗನ್ನಿಸಿರಬೇಕು. ಆದರೆ ಅದಕ್ಕಿಂತ ನೂರಾರು ವರ್ಷ ಮೊದಲೇ ಇಬ್ರಿಯ ಬೈಬಲ್‌ನಲ್ಲಿ ಈ ಪದ 6 ಸಲ ಬಂದಿದೆ: ಯೋಬನ ಪುಸ್ತಕದಲ್ಲಿ 3, ಜ್ಞಾನೋಕ್ತಿಗಳಲ್ಲಿ 2, ಕೀರ್ತನೆ 88ರಲ್ಲಿ 1. ಅಲ್ಲಿ ಅದು ಹೆಚ್ಚಾಗಿ ಸತ್ತವರು ಸೇರುವ ಜಾಗ. ಸಾಮಾನ್ಯವಾಗಿ ‘ನಾಶಲೋಕ’ ಅಂತ ಅರ್ಥ ಹೇಳುತ್ತಾರೆ.

ಪದದ ಬೇರು ಅಲೆಫ್, ಬೇತ್, ದಾಲೆತ್ ಎಂಬ ಮೂರು ಅಕ್ಷರ. ನಾಶ ಅಂದ ಕೂಡಲೇ ನಮಗೆ ಒಡೆದದ್ದು, ಸುಟ್ಟದ್ದು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಈ ಬೇರಿನಲ್ಲಿ ನಾಶದ ಜೊತೆಗೆ ‘ಕಳೆದುಹೋಗುವುದು’ ಎಂಬ ಅರ್ಥವೂ ಇದೆ. ಇಬ್ರಿಯ ಕಲಿಯುವಾಗ ನನಗೆ ಇದನ್ನು ತಿಳಿಸಿಕೊಟ್ಟದ್ದು ಕತ್ತೆಗಳು. 1 ಸಮುವೇಲ 9ರಲ್ಲಿ ಕೀಷನ ಕತ್ತೆಗಳು ತಪ್ಪಿಸಿಕೊಳ್ಳುತ್ತವೆ. ಮಗ ಸೌಲ ಒಬ್ಬ ಆಳನ್ನು ಕರೆದುಕೊಂಡು ಬೆಟ್ಟಗುಡ್ಡ ಅಲೆಯುತ್ತಾನೆ. ಅಲ್ಲಿ ಕತ್ತೆಗಳಿಗೆ ಬಳಸಿದ ಕ್ರಿಯಾಪದ ಇದೇ ಬೇರಿನದು! ಅವು ಸತ್ತಿಲ್ಲ, ಆಮೇಲೆ ಸಿಗುತ್ತವೆ ಕೂಡ. ಕೀರ್ತನೆ 119ರ ಕೊನೆಯ ವಚನದಲ್ಲಿ ತಪ್ಪಿಹೋದ ಕುರಿಗೂ ಇದೇ ಮಾತು. ಇವತ್ತಿನ ಇಸ್ರೇಲಿನಲ್ಲೂ ಬಸ್ಸಿನಲ್ಲಿ ಮರೆತುಬಂದ ಕೊಡೆ ‘ಅವೇದಾ’, ಅಂದರೆ ಕಳೆದ ವಸ್ತು.

ಈ ಬೇರಿನ ಕೊನೆಗೆ ‘ಓನ್’ ಸೇರಿ ನಾಮಪದವಾಗಿದೆ. ‘ಜಾಖರ್’ ಅಂದರೆ ನೆನೆದನು, ‘ಜಿಕ್ಕಾರೋನ್’ ಅಂದರೆ ನೆನಪು. ಹಾಗೇ ಇದೂ. ಆದ್ದರಿಂದ ನನಗೆ ಅಬದ್ದೋನ್ ಅಂದರೆ ಕಳೆದುಹೋದವರ ಊರು, ಯಾರೂ ಹುಡುಕಿ ತರಲಾಗದ ಜಾಗ. ಕೀರ್ತನೆ 88ನ್ನು ಹೀಗೆ ಓದಿದರೆ ಎದೆ ಭಾರವಾಗುತ್ತದೆ. ‘ನಿನ್ನ ನಂಬಿಗಸ್ತಿಕೆಯನ್ನು ಅಲ್ಲಿ ಯಾರಾದರೂ ಹೇಳುತ್ತಾರಾ?’ ಅಂತ ಒಬ್ಬ ದೇವರನ್ನೇ ಕೇಳುತ್ತಿದ್ದಾನೆ.

ಜಾಗ ವ್ಯಕ್ತಿಯಾಗುವ ಸುಳಿವು ಯೋಬ 28:22ರಲ್ಲೇ ಇದೆ. ಅಲ್ಲಿ ಅಬದ್ದೋನ್ ಮತ್ತು ಮರಣ ಇಬ್ಬರೂ ಬಾಯಿಬಿಟ್ಟು ಮಾತಾಡುತ್ತಾರೆ. ಜ್ಞಾನದ ಸುದ್ದಿ ನಮ್ಮ ಕಿವಿಗೆ ಬಿದ್ದಿದೆ, ಅಷ್ಟೇ ಅನ್ನುತ್ತಾರೆ.

ಗ್ರೀಕ್ ಹೆಸರಿನ ಹಿಂದಿರುವ ‘ಅಪೊಲ್ಲುಮಿ’ ಎಂಬ ಕ್ರಿಯಾಪದಕ್ಕೂ ಎರಡು ಅರ್ಥ: ನಾಶಮಾಡು, ಕಳೆದುಕೋ. ಲೂಕ 15ರಲ್ಲಿ ಕಳೆದ ಕುರಿ, ಕಳೆದ ನಾಣ್ಯ, ಕಳೆದುಹೋದ ಮಗ, ಮೂರಕ್ಕೂ ಇದೇ ಕ್ರಿಯಾಪದವಿದೆ. ನಾಶದ ದೂತನ ಹೆಸರಿಗೂ ಆ ಮಗನಿಗೂ ಒಂದೇ ಬೇರು ಅಂತ ಗೊತ್ತಾದ ದಿನ ನಾನು ಆ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಓದಿದೆ.

ಒಂದು ಎಚ್ಚರಿಕೆ. ಓಬೇದ, ಓಬದ್ಯ ಎಂಬ ಹೆಸರುಗಳನ್ನು ಇದರ ಜೊತೆ ಸೇರಿಸಬೇಡಿ. ಕನ್ನಡದಲ್ಲಿ ಬರೆದಾಗ ಒಂದೇ ಥರ ಕಾಣುತ್ತವೆ. ಆದರೆ ಅವುಗಳ ಮೊದಲ ಅಕ್ಷರ ಅಲೆಫ್ ಅಲ್ಲ, ಅಯಿನ್. ಆ ಬೇರಿಗೆ ‘ಸೇವೆ ಮಾಡು’ ಅಂತ ಅರ್ಥ. ನಿಘಂಟಿನಲ್ಲಿ ಅಬದ್ದೋನ್ ಹುಡುಕುವಾಗ ಅಲೆಫ್ ಕೆಳಗೇ ನೋಡಿ.